ವಾಯುವಿಹಾರಕ್ಕೆ ಹೊರಟ ಮಳೆನೀರು

ದಿವಾನ್ ಪಾರ್ಕಿನ ನಡುವೆ, ಇಳಿಜಾರು ಮುಗಿದು ನೆಲ ಬೊಗಸೆಯಂತೆ ತಗ್ಗುವ ಜಾಗದಲ್ಲಿ, ಒಂದು ಬ್ಯಾಂಡ್‌ಸ್ಟ್ಯಾಂಡ್. ಸುತ್ತ ಎರಕದ ಕಂಬಗಳು. ಒಂದೊಂದರ ನೆತ್ತಿಯಲ್ಲೂ ಒಂದು ಕಬ್ಬಿಣದ ಬಳ್ಳಿ, ಬಳ್ಳಿಯ ತುದಿಗೆ ಎಂದೂ ಅರಳದ, ಹಾಗಾಗಿ ಎಂದೂ ಬಾಡದ ಒಂದು ಮೊಗ್ಗು. ಮೇಲೆ ತಗಡಿನ ಗುಮ್ಮಟ. ಅದರ ಹಸಿರು ಬಣ್ಣ ಅಲ್ಲಲ್ಲಿ ಹಕ್ಕಳೆದ್ದು, ಒಳಗಿನ ಇನ್ನೂ ಹಳೆಯದೊಂದು ಹಸಿರು ಇಣುಕುತ್ತಿತ್ತು. ಕಳೆದ ಮಳೆಗಾಲದ ನೀರು ತಾನು ನಿಂತಿದ್ದ ಎತ್ತರವನ್ನು ಎಲ್ಲ ಕಂಬಗಳ ಮೇಲೂ ಒಂದೇ ಮಣ್ಣುಗೆರೆಯಾಗಿ ಬರೆದು ಹೋಗಿತ್ತು. ಮೆಟ್ಟಿಲುಗಳ ಮೇಲೆ ಗುಲ್‌ಮೊಹರಿನ ಕೆಂಪು ದಳಗಳು ಬಿದ್ದಿದ್ದವು. ಯಾರೂ ತುಳಿಯದೆ, ಬಿದ್ದ ಹಾಗೆಯೇ ಇದ್ದವು. ಬೆಳಗಿನ ಎಳೆಬಿಸಿಲಿಗೆ ಕಂಬಗಳ ನೆರಳು ಒಳಗಿನ ನೆಲದ ಮೇಲೆ ಸಾಲಾಗಿ ಚಾಚಿಕೊಂಡಿತ್ತು, ಯಾರಿಗೋ ಕುರ್ಚಿ ಹಾಕಿಟ್ಟ ಹಾಗೆ. ವಾದ್ಯದವರು ಮಾತ್ರ ಬಂದಿರಲಿಲ್ಲ.

ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತು ಗುರುಸಿದ್ದಪ್ಪನವರು ಈ ಚಿತ್ರವನ್ನು ದಿನವೂ ನೋಡುತ್ತಿದ್ದರು. ಶನಿವಾರದ ಸಂಜೆಗಳಲ್ಲಿ ಇಲ್ಲಿ ಬ್ಯಾಂಡು ನುಡಿಯುತ್ತಿದ್ದ ಕಾಲದಲ್ಲಿ ಎಡಗಡೆಯ ಕುರ್ಚಿಯಲ್ಲಿ ಕ್ಲಾರಿನೆಟ್ ಹಿಡಿದು ಕೂರುತ್ತಿದ್ದವರು ಅವರು. ಆ ತಂಡದಲ್ಲಿ ಈಗ ಉಳಿದಿರುವುದೂ ಅವರೊಬ್ಬರೇ. ಬ್ಯಾಂಡ್‌ಸ್ಟ್ಯಾಂಡಿಗೆ ದಿನಾ ಹೋಗಿಬರುತ್ತೇನೆ ಎಂದು ಅವರು ಕಂಡವರಿಗೆಲ್ಲ ಹೇಳುತ್ತಿದ್ದರು, ಮತ್ತು ಅದನ್ನು ತಾವೇ ನಂಬಿಯೂ ಇದ್ದರು.

ಅಂಥ ಬ್ಯಾಂಡ್‌ಸ್ಟ್ಯಾಂಡಿಗೆ ಈ ಮಳೆಗಾಲ ಕೊನೆಯದಾಗುವ ಹಾಗಿತ್ತು. ಜೋರು ಮಳೆ ಬಂದಾಗಲೆಲ್ಲ ಪಾರ್ಕಿನ ಕಲ್ಲುದಾರಿಗಳ ನೀರೆಲ್ಲ ಇಳಿದುಬಂದು ಅಲ್ಲಿ ಮೊಣಕಾಲುದ್ದ ತುಂಬಿ, ಅಲ್ಲಿಂದ ಕೆಳಗಿನ ಗಾಣಿಗರ ಬೀದಿಯ ಮನೆಗಳಿಗೆ ನುಗ್ಗುತ್ತಿತ್ತು. ಮಂಚದ ಮೇಲೆ ಮಂಚ ಏರಿಸಿ ಬೇಸತ್ತ ಆ ಬೀದಿಯವರು ನಗರಪಾಲಿಕೆಗೆ ಮುತ್ತಿಗೆ ಹಾಕಿದ್ದರು. ಪಾಲಿಕೆಯ ಇಂಜಿನಿಯರ್ ಶಹತಾಜ್ ಬಾನು ಪಾರ್ಕಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದರು. ಅದು ಕಾಂಕ್ರೀಟಿನ ದೊಡ್ಡ ಚರಂಡಿ. ಗೆರೆ ಬ್ಯಾಂಡ್‌ಸ್ಟ್ಯಾಂಡಿನ ಎದೆಯ ಮೇಲೇ ಹಾದುಹೋಗಿತ್ತು. ಕಂಬಗಳಿಗೆ ನಂಬರು ಹಾಕಿ, ಬಿಚ್ಚಿ, ಉಗ್ರಾಣದಲ್ಲಿ ಜೋಪಾನವಾಗಿಡುತ್ತೇವೆ ಎಂದು ಪಾಲಿಕೆ ಮಾತು ಕೊಟ್ಟಿತ್ತು. ಹಿಂದೆ ಪಾರ್ಕಿನ ಅಮೃತಶಿಲೆಯ ಕಾರಂಜಿಗೂ ಹೀಗೆಯೇ ನಂಬರು ಹಾಕಿದ್ದರು. ಈಗ ಉಗ್ರಾಣದಲ್ಲಿ ಅದರ ಒಂದು ಮೀನಿನ ಬಾಲ ಮಾತ್ರ ಇತ್ತು, ಜೋಪಾನವಾಗಿಯೇ.

ಪಾರ್ಕು ಪಾರಂಪರಿಕ ತಾಣವಾದ್ದರಿಂದ ಅಲ್ಲಿ ಒಂದು ಹಿಡಿ ಮಣ್ಣು ಅಗೆಯಲೂ ಸಾರ್ವಜನಿಕರಿಗೆ ಅಪ್ಪಣೆಯಿರಲಿಲ್ಲ. ಅಪ್ಪಣೆಯಿದ್ದದ್ದು ಪಾಲಿಕೆಗೆ ಮಾತ್ರ, ಮತ್ತು ಪಾಲಿಕೆ ಅಗೆಯಲು ಹೊರಟರೆ ಹಿಡಿಗಾತ್ರದಲ್ಲಿ ಅಗೆಯುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ, ಅಗೆಯದೆಯೇ ನೀರನ್ನು ತಿರುಗಿಸಿಬಿಡುತ್ತೇನೆಂದು ಮುಂದೆ ಬಂದವರು ಗುರುಸಿದ್ದಪ್ಪನವರ ಪಕ್ಕದ ಮನೆಯ ಹಯವದನರಾಯರು.

ರಾಯರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರು ಕಂಡುಹಿಡಿದ ವಸ್ತುಗಳ ಕೀರ್ತಿ ಅವರ ಬೀದಿಯನ್ನು ದಾಟಿರಲಿಲ್ಲ. ದಾಟದಂತೆ ಬೀದಿಯವರೂ ನೋಡಿಕೊಂಡಿದ್ದರು. ಹಾಲು ಉಕ್ಕುವುದನ್ನು ಮುಂಚಿತವಾಗಿ ಕೂಗಿ ತಿಳಿಸುವ ಅವರ ಪಾತ್ರೆ ಎಷ್ಟು ಮುಂಚಿತವಾಗಿ ತಿಳಿಸುತ್ತಿತ್ತೆಂದರೆ, ಹಾಲಿನವನು ಇನ್ನೂ ಬೀದಿಯ ಕೊನೆಯಲ್ಲಿರುತ್ತಿದ್ದ. ಆದರೂ ಮುಳುಗುತ್ತಿರುವ ಬ್ಯಾಂಡ್‌ಸ್ಟ್ಯಾಂಡಿಗೆ ಬೇರೆ ಆಸರೆ ಇರಲಿಲ್ಲ. ಗುರುಸಿದ್ದಪ್ಪನವರೇ ಪಾಲಿಕೆಗೆ ಹೋಗಿ, ಈ ಸಲದ ಮೊದಲ ದೊಡ್ಡ ಮಳೆಯವರೆಗೆ ಕಾಯಲು ಶಹತಾಜ್ ಬಾನು ಅವರಿಂದ ಒಪ್ಪಿಗೆ ಪಡೆದುಬಂದರು. ಅಂದು ನೀರು ಬ್ಯಾಂಡ್‌ಸ್ಟ್ಯಾಂಡಿಗೆ ಹೊಕ್ಕರೆ ಮರುದಿನವೇ ನಂಬರು ಹಾಕುವುದು ಎಂದು ಅವರು ನಯವಾಗಿಯೇ ಹೇಳಿ ಕಳಿಸಿದ್ದರು.

ಒಂದು ಬೆಳಿಗ್ಗೆ ರಾಯರು ತಳ್ಳುಗಾಡಿಯಲ್ಲಿ ಒಂದು ದೊಡ್ಡ ಕ್ರೋಟನ್ ಕುಂಡವನ್ನು ತಂದು ಬ್ಯಾಂಡ್‌ಸ್ಟ್ಯಾಂಡಿನ ಎದುರಿಗೆ ನಿಲ್ಲಿಸಿದರು. ವಾಯುವಿಹಾರಿಗಳ ಸಂಘದ ಅಧ್ಯಕ್ಷ ಬೋರಲಿಂಗೇಗೌಡರು ಎಲ್ಲರನ್ನೂ ಕರೆದು ಸುತ್ತ ನಿಲ್ಲಿಸಿದ್ದರು. ಕುಂಡ ಎತ್ತಿದರೆ ಅದರಡಿಯಲ್ಲಿ ಬೋರಲಾಗಿ ಕೂತಿದ್ದದ್ದು ಬಚ್ಚಲುಮನೆಯ ತಾಮ್ರದ ಹಂಡೆ. ಅಂಚಿಗೆ ಕಬ್ಬಿಣದ ಸಲಾಕೆಗಳು. ಹೊಟ್ಟೆಯೊಳಗೆ ಶ್ರುತಿಪೆಟ್ಟಿಗೆಯಂತೆ ಏನೋ ಒಂದು ಮೊರೆಯುತ್ತಿತ್ತು.

"ಅದು ನನ್ನ ತವರಿನ ಹಂಡೆ," ಎಂದರು ರಾಯರ ಹೆಂಡತಿ ಅಂಬುಜಾಬಾಯಿ, ನೆರೆದವರೆಲ್ಲ ಸಾಕ್ಷಿಯಾಗಲಿ ಎಂಬಂತೆ. "ಮದುವೆಯಾದಾಗಿಂದ ಸ್ನಾನಕ್ಕೆ ನೀರು ಕಾಯಿಸಿದೆ. ಇವರು ಅದನ್ನ ಬೀದಿಗೆ ತಂದರು."

"ಅದಕ್ಕೇ ಕಣೇ ಇದನ್ನ ಆರಿಸಿದ್ದು. ಇದಕ್ಕೆ ನೀರಿನ ಸ್ವಭಾವ ಗೊತ್ತಿದೆ," ಎಂದರು ರಾಯರು.

ಯಂತ್ರಕ್ಕೆ ಅವರು ಜಲಸಾರಥಿ ಎಂದು ಹೆಸರಿಟ್ಟಿದ್ದರು. ಸಲಾಕೆಗಳನ್ನು ನೆಲಕ್ಕೆ ಒತ್ತುವುದು ಅಗೆತವಲ್ಲ, ಡಾಕ್ಟರು ಸೂಜಿ ಚುಚ್ಚಿದ ಹಾಗೆ ಎಂದು ಮೊದಲೇ ಆಕ್ಷೇಪಣೆಗೆ ಉತ್ತರ ಕೊಟ್ಟು, ಅದರ ತತ್ತ್ವವನ್ನು ವಿವರಿಸಿದರು. ನೆಲದ ಮೇಲೆ ನಡೆಯುವ ಪ್ರತಿಯೊಂದು ಹೆಜ್ಜೆಯೂ ಮಣ್ಣಿನಲ್ಲಿ ಒಂದು ಸಣ್ಣ ನಡುಕ ಹುಟ್ಟಿಸುತ್ತದೆ. ಸಲಾಕೆಗಳು ಆ ನಡುಕವನ್ನು ಕೇಳಿ ನೆನಪಿಟ್ಟುಕೊಳ್ಳುತ್ತವೆ. ಮಳೆ ಬಂದಾಗ ಹಂಡೆ ಅದೇ ನಡುಕವನ್ನು ಮಣ್ಣಿಗೆ ಮರಳಿಸುತ್ತದೆ; ನೀರು ಅದನ್ನೇ ದಾರಿಯೆಂದು ತಿಳಿದು ಹೋಗುತ್ತದೆ.

ಮಾತು ಮುಗಿಸಿ, ಸಲಾಕೆಗಳನ್ನು ನೆಲಕ್ಕೆ ಒತ್ತಿ ಹಂಡೆಯನ್ನು ಕೂರಿಸಿ, ರಾಯರು ಬರಿಗಾಲಲ್ಲಿ ಕಲ್ಲುಬೆಂಚಿನಿಂದ ಮೂಡಣ ಬಾಗಿಲವರೆಗೆ ನಡೆದುಹೋದರು. ನಡುವೆ ಒಮ್ಮೆ ನಿಂತು ಜಾರುತ್ತಿದ್ದ ಪಂಚೆಯನ್ನು ಎತ್ತಿ ಕಟ್ಟಿಕೊಂಡರು. ಹಿಂದಿರುಗಿ, ಬೆಂಚಿನ ಬುಡದಲ್ಲಿ ಒಂದು ಬಕೆಟ್ ನೀರು ಸುರಿದರು. ನೀರು ಚೆಲ್ಲಾಪಿಲ್ಲಿಯಾಗದೆ ಒಂದೆಡೆ ಕೂಡಿ, ಚಾಪೆಯಗಲದ ಹರಿವಾಗಿ ಬಾಗಿಲ ಕಡೆಗೆ ಹೊರಟಿತು. ರಾಯರು ನಿಂತಲ್ಲಿ ತಾನೂ ನಿಂತಿತು. ತನ್ನ ಅಂಚನ್ನು ತುಸು ಮೇಲೆತ್ತಿಕೊಂಡಿತು. ಮತ್ತೆ ನಡೆದು ಬಾಗಿಲು ದಾಟಿ ರಸ್ತೆಯ ಮೋರಿಗೆ ಇಳಿಯಿತು. ಗೌಡರು ಚಪ್ಪಾಳೆ ತಟ್ಟಿದರು. ಅಂಬುಜಾಬಾಯಿಯವರೂ ಮುಖ ತಿರುಗಿಸಿಕೊಂಡೇ ನೋಡಿದರು.

"ಇನ್ನು ಇದಕ್ಕೆ ಪಾರ್ಕನ್ನ ಕಲಿಸಬೇಕು, ಅಷ್ಟೆ," ಎಂದರು ರಾಯರು. "ತಲೆತಲಾಂತರದಿಂದ ಜನ ಇಲ್ಲಿ ನಡೀತಿದಾರೆ. ಎಲ್ಲಿ ಗಟ್ಟಿನೆಲ, ಎಲ್ಲಿ ಜಾರತ್ತೆ, ಎಲ್ಲಿ ಬಾಗಿಲು, ಕಾಲಿಗೆ ಎಲ್ಲ ಗೊತ್ತು. ನೀವು ದಿನಾ ನಡೆಯೋ ಹಾಗೇ ನಡೀರಿ. ಕಾಲು ಹೋದ ಕಡೆ ನೀರು ಹೋಗತ್ತೆ."

ಗುರುಸಿದ್ದಪ್ಪನವರ ಮನಸ್ಸಿನಲ್ಲಿ ಒಂದು ಅನುಮಾನ ಎದ್ದಿತು. ಆದರೆ ಅದು ಮಾತಿಗೆ ಸಿಕ್ಕದೆ, ಕ್ಲಾರಿನೆಟ್ಟಿನಲ್ಲಿ ಉಸಿರು ಹೋಗಿ ಸ್ವರ ಬಾರದ ಹಾಗೆ, ಒಳಗೇ ಉಳಿದುಹೋಯಿತು.

ಸಂಘದ ವಿಹಾರಿಗಳು ಮೊದಲೆರಡು ದಿನ ಫೋಟೋ ತೆಗೆಸಿಕೊಳ್ಳುವವರಂತೆ ಎದೆ ಸೆಟೆಸಿ ನಡೆದರು. ಆಮೇಲೆ ಕ್ರೋಟನ್ ಕುಂಡದಡಿ ಒಂದು ಹಂಡೆ ತಮ್ಮನ್ನು ಆಲಿಸುತ್ತಿದೆ ಎಂಬುದನ್ನೇ ಮರೆತು, ಎಂದಿನಂತಾದರು. ಹಂಡೆ ಮರೆಯಲಿಲ್ಲ.

ಮೊದಲ ದೊಡ್ಡ ಮಳೆ ಬೆಳಗಿನ ವಿಹಾರದ ಹೊತ್ತಿಗೇ ಬಂತು. ಶಹತಾಜ್ ಬಾನು ನಕ್ಷೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಜೀಪಿನಲ್ಲಿ ಬಂದಿಳಿದರು. ಮೂಡಣ ಬಾಗಿಲ ಪಕ್ಕದ ತಗಡಿನ ಚಪ್ಪರದ ಕೆಳಗೆ ರಾಯರು, ಗೌಡರು, ಗುರುಸಿದ್ದಪ್ಪನವರು ಅವರ ಜೊತೆ ಒತ್ತಿಕೊಂಡು ನಿಂತರು. ಗಂಡ ಕೊಡೆ ಮರೆತುಬಂದರೆಂದು ಗೌಡರ ಹೆಂಡತಿ ಪುಟ್ಟತಾಯಮ್ಮನವರೂ ಬಂದು ಸೇರಿಕೊಂಡರು. ಗೌಡರ ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ್ದ ಔಷಧವೆಂದರೆ ಪಾರ್ಕಿನ ಸುತ್ತು. ಅದನ್ನು ಅವರು ತಪ್ಪದೆ ಸೇವಿಸುತ್ತಿದ್ದಾರೆಂದು ಪುಟ್ಟತಾಯಮ್ಮ ಹೆಮ್ಮೆಯಿಂದ ಮೇಡಂಗೆ ಹೇಳುತ್ತಿದ್ದರು.

ಕಲ್ಲುದಾರಿಗಳ ನೀರೆಲ್ಲ ಒಟ್ಟಾಗಿ, ಹಳೆಯ ಚಾಳಿಯಂತೆ, ಬ್ಯಾಂಡ್‌ಸ್ಟ್ಯಾಂಡಿನ ಕಡೆಗೆ ಇಳಿದುಬಂತು. ಹಂಡೆ ಮೊರೆಯಿತು. ನೀರು ತಟಕ್ಕನೆ ನಿಂತಿತು, ಏನೋ ನೆನಪಾದಂತೆ; ಆಮೇಲೆ ಹಲವು ಧಾರೆಗಳಾಗಿ ಒಡೆದು, ಅಶ್ವತ್ಥಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಪಾರ್ಕನ್ನು ಸುತ್ತತೊಡಗಿತು. ಕಟ್ಟೆಗೆ ಪ್ರದಕ್ಷಿಣೆ ಬರುವವರಿಂದ ಶುರುವಾದ ಆ ರೂಢಿಯನ್ನು ದೇವರನ್ನು ನಂಬದ ವಿಹಾರಿಗಳೂ ಮುರಿದವರಲ್ಲ, ನೀರೂ ಮುರಿಯಲಿಲ್ಲ. ಏರು ಬಂದಲ್ಲಿ ನೊರೆ ಕಾರುತ್ತ ಹತ್ತಿತು, ಇಳಿಜಾರಿನಲ್ಲಿ ಮಂಡಿನೋವಿದ್ದವರಂತೆ ಮೆಲ್ಲಗೆ ಇಳಿಯಿತು.

"ನೋಡಿ ಮೇಡಂ, ಎಂಥ ಶಿಸ್ತು!" ಎಂದರು ರಾಯರು.

ಮೇಡಂ ನೋಡಿದರು. ನೀರು ಒಂದು ಸುತ್ತು ಮುಗಿಸಿ ಮೂಡಣ ಬಾಗಿಲಿಗೆ ಬಂತು, ಬಾಗಿಲ ಕಂಬವನ್ನು ಮೆಲ್ಲಗೆ ಮುಟ್ಟಿತು, ಹಿಂತಿರುಗಿ ಎರಡನೆಯ ಸುತ್ತಿಗೆ ಹೊರಟಿತು.

"ಆಚೆ ಯಾಕೆ ಹೋಗ್ತಾ ಇಲ್ಲ?" ಎಂದು ಅವರು ಕೇಳಿದರು.

ಅಷ್ಟು ದಿನದಿಂದ ಒಳಗೇ ಉಳಿದಿದ್ದ ಅನುಮಾನ ಆಗ ಗುರುಸಿದ್ದಪ್ಪನವರ ಮಾತಿಗೆ ಸಿಕ್ಕಿತು.

"ರಾಯರೇ, ಇಲ್ಲಿ ನಡೆಯೋರು ಯಾರೂ ಎಲ್ಲಿಗೂ ಹೋಗೋರಲ್ಲ."

ಮುಂದಿನದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ನಗೆಕೂಟದವರು ಸೇರುವ ಹುಲ್ಲುಹಾಸಿನಲ್ಲಿ ನೀರು ವೃತ್ತವಾಗಿ ನಿಂತು, ಒಮ್ಮೆಗೇ ಮೇಲಕ್ಕೆ ಚಿಮ್ಮಿ, ಮೈಯೆಲ್ಲ ಕುಲುಕಿಸಿ ಕೆಳಗೆ ಬಿತ್ತು. ಅದರಲ್ಲಿ ಸಂತೋಷವೇನೂ ಕಾಣಲಿಲ್ಲ, ಅಭ್ಯಾಸ ಮಾತ್ರ ಕಂಡಿತು. ಬೇರೆಬೇರೆ ಬಾಗಿಲುಗಳಿಂದ ಹೊರಟ ಎರಡು ಎಳೆಯ ಧಾರೆಗಳು, ಒಂದನ್ನೊಂದು ಕಂಡೇ ಇಲ್ಲವೆಂಬಂತೆ ಹಾದುಹೋಗಿ, ಬಿದಿರುಮೆಳೆಯ ಹಿಂದೆ ಒಂದಾಗಿ ಮಡುಗಟ್ಟಿದವು. ಮೇಡಂ ಆ ಕಡೆಯಿಂದ ಕಣ್ಣು ತೆಗೆದು ನಕ್ಷೆ ನೋಡಿದರು. ಇನ್ನೊಂದು ಧಾರೆ ರಭಸದಿಂದ ಬಂದು ಎದುರು ಸಿಕ್ಕ ಧಾರೆಗಳನ್ನೆಲ್ಲ ಅಡ್ಡಗಟ್ಟಿ ನಿಲ್ಲಿಸಿಕೊಂಡು, ಬಹಳ ಹೊತ್ತು ಗುಳುಗುಳು ಎನ್ನುತ್ತ ಬಿಡಲೇ ಇಲ್ಲ. ಅದು ಬರುವುದನ್ನು ದೂರದಿಂದ ಕಂಡ ಮಿಕ್ಕವು ದಾರಿ ಬದಲಿಸಿ ಗುಲಾಬಿ ಮಡಿಗಳ ನಡುವೆ ನುಸುಳಿಕೊಂಡವು.

"ಇದು ಯಾರ ನೀರು?" ಎಂದು ರಾಯರು ಕುತೂಹಲದಿಂದ ಕೇಳಿದರು.

ಅಂಬುಜಾಬಾಯಿಯವರು ಅಲ್ಲಿರಲಿಲ್ಲವಾದ್ದರಿಂದ ರಾಯರಿಗೆ ನಿಜ ಹೇಳುವವರು ಇರಲಿಲ್ಲ.

ಅಷ್ಟರಲ್ಲಿ ಅಗಲವಾದ, ಎಡಮಂಡಿಯನ್ನು ಎಳೆಯುವಂತೆ ಒಂದೇ ಕಡೆ ವಾಲುವ ಒಂದು ಧಾರೆ ಚಪ್ಪರದ ಮುಂದೆ ಗಂಭೀರವಾಗಿ ಹಾದುಹೋಯಿತು. ನಡಿಗೆ ನೋಡಿದರೆ ಯಾರಿಗೂ ಸಂಶಯ ಉಳಿಯುವಂತಿರಲಿಲ್ಲ. ಪುಟ್ಟತಾಯಮ್ಮ ಕೈ ಚಾಚಿ, ಅದೋ ನಮ್ಮೋರ ನೀರು ಎಂದು ಮೇಡಂಗೆ ತೋರಿಸಿದರು. ಧಾರೆ ತಿರುವಿನಲ್ಲಿ ಮರೆಯಾಗುವವರೆಗೆ ನಡೆಯಿತು; ತಿರುವು ದಾಟಿದ್ದೇ ತಡ, ಬೇಲಿಯ ಸಂದಿಯಿಂದ ಹೊರನುಸುಳಿ, ಬೋಂಡದ ಗಾಡಿಯ ಮುಂದೆ ಹೋಗಿ ನಿಂತಿತು. ಅಲ್ಲಿಂದ ಅಲುಗಲಿಲ್ಲ. ಚಪ್ಪರದಿಂದ ಆ ಸಂದಿ ಚೆನ್ನಾಗಿಯೇ ಕಾಣುತ್ತಿತ್ತು.

"ಏನ್ರೀ," ಎಂದರು ಪುಟ್ಟತಾಯಮ್ಮ, "ನಿಮ್ಮ ನೀರಿಗೆ ಮಾತ್ರೆ ನುಂಗಿಸೋರು ಯಾರು?"

ಗೌಡರು ಮಳೆಯನ್ನೇ ದಿಟ್ಟಿಸುತ್ತ ನಿಂತರು.

ಈ ಗದ್ದಲದ ನಡುವೆ ಶಹತಾಜ್ ಬಾನು ಮಾತ್ರ ಬೇರೆಲ್ಲೋ ನೋಡುತ್ತಿದ್ದರು. ಪಾರ್ಕಿನ ತುಂಬ ನೀರು. ಬೆಂಚುಗಳ ಮೇಲೂ ನೀರು ಏರಿ ಕೂತಿತ್ತು. ಬ್ಯಾಂಡ್‌ಸ್ಟ್ಯಾಂಡಿನ ಸುತ್ತ ಮಾತ್ರ ನೀರು ನಿಲ್ಲದ ನೆಲ ಉಂಗುರದಂತೆ ತೆರೆದುಕೊಂಡಿತ್ತು. ಮೆಟ್ಟಿಲ ಮೇಲಿನ ಕೆಂಪು ದಳಗಳು ಮಳೆಹನಿಗೆ ತೊಯ್ದಿದ್ದವಷ್ಟೆ, ತೇಲಿರಲಿಲ್ಲ.

"ಅಲ್ಲಿಗೆ ಒಂದು ಧಾರೇನೂ ಹೋಗಿಲ್ಲವಲ್ಲ?" ಎಂದರು ಅವರು.

"ಹೋಗಲ್ಲ ಮೇಡಂ. ಕಾಲು ಹೋಗಿದ್ರೆ ತಾನೆ?" ಎಂದರು ರಾಯರು. "ಯಾರೂ ಅಲ್ಲಿಗೆ ಹೋಗೇ ಇಲ್ಲ."

"ನಾನು ಹೋಗ್ತೀನಿ. ದಿನಾ ಹೋಗ್ತೀನಿ," ಎಂದರು ಗುರುಸಿದ್ದಪ್ಪನವರು.

ಹಾಗೆ ಹೇಳುತ್ತಿರುವಾಗಲೇ ಅವರ ಕಣ್ಣಿಗೆ ಒಂದು ತೆಳುವಾದ ಧಾರೆ ಬಿತ್ತು. ಯಾರ ಜೊತೆಗೂ ಸೇರದೆ, ಆತುರವಿಲ್ಲದೆ, ಅದು ಕಲ್ಲುಬೆಂಚಿನವರೆಗೆ ಬಂತು. ಬೆಂಚನ್ನೇರಿ ಕೂತಿತು. ಬ್ಯಾಂಡ್‌ಸ್ಟ್ಯಾಂಡಿನ ಕಡೆಗೆ ಮುಖ ಮಾಡಿ, ಒಂದು ಅಲೆಯೂ ಏಳದೆ, ಮಳೆಹನಿ ಮೈಮೇಲೆ ಬಿದ್ದರೂ ಕದಲದೆ ಕೂತೇ ಇತ್ತು. ಬಹಳ ಹೊತ್ತಿನ ಮೇಲೆ ಇಳಿದು, ಬಂದ ದಾರಿಯಲ್ಲೇ ಹಿಂತಿರುಗಿತು. ಬೆಂಚಿಗೂ ಮೆಟ್ಟಿಲಿಗೂ ನಡುವೆ ಇದ್ದದ್ದು ನಾಲ್ಕು ಮಾರು ನೆಲ. ಅದನ್ನು ತಾವು ಕಡೆಯ ಬಾರಿ ದಾಟಿದ್ದು ಬ್ಯಾಂಡಿನ ಕೊನೆಯ ಕಛೇರಿಯ ಸಂಜೆ, ಕುರ್ಚಿ ಮಡಿಸಿಕೊಂಡು ಇಳಿದುಬಂದಾಗ ಎಂಬುದು ಗುರುಸಿದ್ದಪ್ಪನವರಿಗೆ ನೆನಪಾಯಿತು. ಅಂದಿನಿಂದ ಕಣ್ಣು ಮಾತ್ರ ಹೋಗಿಬರುತ್ತಿತ್ತು. ಹಂಡೆಗೆ ಕಣ್ಣಿನ ಹೆಜ್ಜೆ ಕೇಳಿಸುವಂತಿರಲಿಲ್ಲ.

ತಾವು ಉಳಿಸಬೇಕೆಂದಿದ್ದುದನ್ನು ಕೊನೆಗೂ ಉಳಿಸಿದ್ದು ಯಾರಿಗೂ ಅದು ಬೇಡವಾಗಿದ್ದದ್ದೇ! ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮಳೆಯಲ್ಲಿ ಅದು ಸಹಜವಾಗಿಯೇ ಕಂಡಿತು.

ವಿಹಾರದ ಹೊತ್ತು ಮುಗಿದೊಡನೆ ನೀರು ಮನೆಗೆ ಹೊರಟಿತು. ಎಲ್ಲ ಬಾಗಿಲುಗಳಿಂದಲೂ ಹೊರಬಿದ್ದು, ಬೀದಿಬೀದಿಯಲ್ಲಿ ಕವಲೊಡೆದು, ಒಬ್ಬೊಬ್ಬರ ನೀರು ಅವರವರ ಮನೆಯ ಅಂಗಳವನ್ನು ಹೊಕ್ಕಿತು. ದಾರಿಯಲ್ಲಿ ಹಾಲಿನ ಬೂತಿನ ಮುಂದೆ ಸರತಿ ನಿಂತಿತಂತೆ. ಗೌಡರ ನೀರು ಮನೆ ಮುಟ್ಟಿದಾಗ ಎಣ್ಣೆಯ ಘಮ ಸೂಸುತ್ತಿತ್ತೆಂದು ಪುಟ್ಟತಾಯಮ್ಮ ಆಮೇಲೆ ಊರಿಗೆಲ್ಲ ಹೇಳಿದರು. ಎಲ್ಲರ ಮನೆಗೂ ಒಂದೊಂದು ಕೊಡದಷ್ಟು ಬಂದು, ಸಂಪಿಗೋ ಬಾವಿಗೋ ಹಿತ್ತಿಲಿನ ಬಾಳೆಗೋ ಇಳಿದು ತಣ್ಣಗಾಯಿತು. ಗಾಣಿಗರ ಬೀದಿಗೆ ಮಾತ್ರ ಒಂದು ಹನಿಯೂ ಇಳಿಯಲಿಲ್ಲ. ಆ ಬೀದಿಯವರಿಗೆ ವಾಯುವಿಹಾರ ಮಾಡುವಷ್ಟು ಪುರುಸೊತ್ತು ಎಂದೂ ಇದ್ದದ್ದಿಲ್ಲ.

ಶಹತಾಜ್ ಬಾನು ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ, ಕೆಂಪು ಗೆರೆಯನ್ನು ರಬ್ಬರಿನಿಂದ ಅಳಿಸಿದರು. "ಮಳೆನೀರು ಮನೆಯಲ್ಲೇ ಹಿಡಿದಿಡಿ ಅಂತ ನಾವು ಮನೆಮನೆಗೆ ಹೋಗಿ ಹೇಳಿದ್ವಿ. ಯಾರೂ ಕಿವಿಗೆ ಹಾಕ್ಕೊಳಲಿಲ್ಲ," ಎಂದರು. "ಈಗ ನೀರೇ ಹೋಗಿ ಹೇಳಿ ಬರ್ತಾ ಇದೆ. ಹೇಳಲಿ ಬಿಡಿ."

ಒಂದೇ ತೊಡಕು ಉಳಿದಿತ್ತು. ಹಂಡೆ ಇನ್ನೂ ಕಲಿಯುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ರಾಯರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಪಾಠ ಹೇಳಿದ್ದೀನಿ, ಕಲಿಯೋದನ್ನ ನಿಲ್ಲಿಸದ ವಿದ್ಯಾರ್ಥಿ ಎದುರಾದದ್ದು ಇದೇ ಮೊದಲು ಎಂದು ಅವರು ಕೈಚೆಲ್ಲಿದರು. ಕಿತ್ತುಹಾಕೋಣವೆಂದರೆ ಮಳೆಗೆ ಸಲಾಕೆಗಳು ಮಣ್ಣಲ್ಲಿ ಕಚ್ಚಿಕೊಂಡಿದ್ದವು. ಅಗೆದು ತೆಗೆಯೋಣವೆಂದರೆ ಪಾರಂಪರಿಕ ತಾಣದಲ್ಲಿ ಅಗೆತಕ್ಕೆ ಅಪ್ಪಣೆಯಿಲ್ಲ. ಅಂಬುಜಾಬಾಯಿಯವರು ತವರಿನ ಹಂಡೆಯ ಆಸೆ ಬಿಟ್ಟು ಗೀಸರ್ ಹಾಕಿಸಿಕೊಂಡರು. ಪಾಲಿಕೆಯವರು ಬ್ಯಾಂಡ್‌ಸ್ಟ್ಯಾಂಡಿನ ಮುಂದೆ ಒಂದು ಹಲಗೆ ನೆಟ್ಟರು: ಈ ಕಟ್ಟಡದ ರಕ್ಷಣೆಯ ಹಿತದೃಷ್ಟಿಯಿಂದ ಯಾರೂ ಇದರ ಬಳಿಗೆ ಹೋಗತಕ್ಕದ್ದಲ್ಲ. ಆ ಆಜ್ಞೆಯನ್ನು ಊರು ಎಷ್ಟೋ ವರ್ಷಗಳಿಂದ ತಾನಾಗಿಯೇ ಪಾಲಿಸುತ್ತ ಬಂದಿತ್ತು. ಅದನ್ನು ಓದಿ ನೊಂದವರು ಒಬ್ಬರೇ.

ಆ ಮಳೆಗಾಲವೆಲ್ಲ ಗುರುಸಿದ್ದಪ್ಪನವರ ನೀರು ತಪ್ಪದೆ ಮನೆಗೆ ಬಂತು. ಹೊಸಿಲಿನ ಮುಂದಿನ ಚಾಪೆಯ ಮೇಲೆ ಒಂದು ಸಲ ಹೊರಳಿ, ಒಳಗೆ ಬಂದು, ಅವರ ಬೆತ್ತದ ಕುರ್ಚಿಯ ಪಕ್ಕದಲ್ಲಿ ನೆಲಕ್ಕಂಟಿ ಕೂರುತ್ತಿತ್ತು. ಅವರ ಹೆಂಡತಿ ಶಿವನಂಜಮ್ಮ ಮೊದಲ ದಿನ ಗೊಣಗಿ ಬಟ್ಟೆಯಿಂದ ಒರೆಸಿದರು. ಆಮೇಲೆ ಅಲ್ಲೊಂದು ಅಗಲವಾದ ತಪ್ಪಲೆ ಇಟ್ಟರು. ಮಾತಾಡದೆ ಕೂತುಕೊಳ್ಳುವ ವಿಷಯದಲ್ಲಿ ಯಜಮಾನರಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ನೆರೆಯವರಿಗೆ ಹೇಳಿದರು. ಗುರುಸಿದ್ದಪ್ಪನವರು ಅದನ್ನೇ ನೋಡುತ್ತ ಕೂರುವರು. ಅದು ಅವರನ್ನು ನೋಡುತ್ತಿತ್ತೋ ಇಲ್ಲವೋ, ನೋಡುವವರ ಹಾಗೆ ಮಾತ್ರ ಕೂತಿರುತ್ತಿತ್ತು.

ಒಂದು ಶನಿವಾರ ಅವರು ಎರಡು ಮನೆಗಳ ನಡುವಿನ ಗೋಡೆಯ ಹತ್ತಿರ ರಾಯರನ್ನು ಕರೆದು ಮೆಲ್ಲಗೆ ಕೇಳಿದರು: ಒಬ್ಬನೇ ಒಬ್ಬ ಆ ಮೆಟ್ಟಿಲು ಹತ್ತಿದರೆ ಏನಾಗಬಹುದು?

ರಾಯರು ಅಲ್ಲೇ ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದರು. "ಒಬ್ಬರು ಹೋದರೆ ಒಬ್ಬರ ನೀರು, ಒಂದು ಕೊಡ. ಅದು ಬಂದು ಕೂತು, ನೀವೆದ್ದ ಹಾಗೆ ಎದ್ದು ಹೋಗತ್ತೆ. ಅಷ್ಟಕ್ಕೆ ಭಯ ಇಲ್ಲ ಗುರುಸಿದ್ದಪ್ಪನೋರೆ. ಆದರೆ ನೀವು ನುಡಿಸೋದನ್ನ ಕೇಳೋಕೆ ಜನ ಸೇರಿದ್ರೆ, ಮುಂದಿನ ಮಳೇಲಿ ಅಷ್ಟೂ ಜನರ ನೀರು ಬಂದು ಸೇರತ್ತೆ. ಮತ್ತೆ ಮೊಣಕಾಲುದ್ದ. ಮತ್ತೆ ಕೆಂಪು ಪೆನ್ಸಿಲು."

"ಹಾಗಾದ್ರೆ?"

ರಾಯರು ಲೆಕ್ಕವನ್ನು ಇನ್ನೊಮ್ಮೆ ನೋಡಿದರು. "ನುಡಿಸಿ. ಚೆನ್ನಾಗಿ ನುಡಿಸಬೇಡಿ."

ಸಂಜೆ ಗುರುಸಿದ್ದಪ್ಪನವರು ಬೀರುವಿನ ಮೇಲಿಂದ ಉದ್ದನೆಯ ಕಪ್ಪು ಪೆಟ್ಟಿಗೆ ಇಳಿಸಿ, ಧೂಳು ಕೊಡವಿ, ಕ್ಲಾರಿನೆಟ್ಟಿನ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಹಿಡಿದು ನೋಡಿದರು. ಬೆರಳುಗಳು ತೂತುಗಳನ್ನು ಮರೆತಿರಲಿಲ್ಲ. ಮತ್ತೆ ಬಿಚ್ಚಿ ಪೆಟ್ಟಿಗೆಗಿಟ್ಟರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಬಾಗಿಲ ಬಳಿ ಬಂದು ಚಪ್ಪಲಿ ಮೆಟ್ಟಿ, ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡವರು ಹೊರಡದೆ ನಿಂತುಬಿಟ್ಟರು. ಒಳಗೆ ಶಿವನಂಜಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದರು.

"ಯಾಕೋ ಹೆದರಿಕೆ ಆಗ್ತಿದೆ ಕಣೇ," ಎಂದರು. "ಯಾರಾದ್ರೂ ನಿಂತು ಕೇಳಿಬಿಟ್ರೆ?"

ಶಿವನಂಜಮ್ಮ ಮಡಿಸುತ್ತ ಮಡಿಸುತ್ತಲೇ ಬಾಗಿಲವರೆಗೆ ಬಂದು ಅವರ ಕಾಲರು ಸರಿಮಾಡಿದರು.

"ಆ ಭಯ ನಿಮಗೆ ಬೇಡ," ಎಂದರು. "ಇಷ್ಟು ವರ್ಷ ನಾನು ಕೇಳಿದೀನಲ್ಲ."

ಗುರುಸಿದ್ದಪ್ಪನವರು ಒಂದು ಗಳಿಗೆ ಹೆಂಡತಿಯ ಮುಖ ನೋಡಿದರು. ಧೈರ್ಯ ಹೇಳಿದಳೋ ಏನು ಹೇಳಿದಳೋ ತಿಳಿಯದೆ, ತಿಳಿದುಕೊಳ್ಳುವ ಗೋಜಿಗೂ ಹೋಗದೆ, ಹೊಸಿಲು ದಾಟಿದರು. ಅವರ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.